ಮೀನಿನ ಹೊಂಡದ ತುಳಸಿ

"ಇಷ್ಟು ಹಸಿರು ಎಲ್ಲಿಂದ ಬಂತು ಮಾರಾಯ್ತಿ?" ಎನ್ನುತ್ತ ತಿರುಮಲೇಶ್ವರ ತುಳಸಿ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕುಳಿತರು. ಊರಿನ ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ಅವರು. ಗುಡ್ಡದ ಮೇಲಿನ ಈ ಮನೆಗೆ ಬಂದದ್ದು ಇದೇ ಮೊದಲು.

ದೇವಕಿ ಸೆರಗಿಗೆ ಕೈ ಒರೆಸಿಕೊಂಡು ನಿಂತಿದ್ದಳು. ಎಂಬತ್ತಮೂರನೇ ಇಸವಿಯ ಆ ಬೇಸಗೆಯಲ್ಲಿ ನೆಲ್ಯಾಡಿಯ ಸುತ್ತ ಬಾವಿಗಳ ತಳ ಕಂಡಿತ್ತು. ಮನೆಮನೆಯ ಕಟ್ಟೆಯಲ್ಲಿ ತುಳಸಿ ಒಣಗಿ ಕಡ್ಡಿಯಾಗಿತ್ತು. ಇವಳ ಹತ್ತು ಸೆಂಟ್ಸ್ ಜಾಗದಲ್ಲಿ ಮಾತ್ರ ತುಳಸಿ ಸೊಂಟದವರೆಗೆ ಬೆಳೆದಿತ್ತು. ಅದರಾಚೆ ಮರುಗ, ಪಚ್ಚೆತೆನೆ.

"ಮುಂದಿನ ವಾರ ಲಕ್ಷ ತುಳಸಿ ಅರ್ಚನೆ ಉಂಟು. ಊರಲ್ಲೆಲ್ಲೂ ಎಸಳಿಲ್ಲ. ನೀನೊಬ್ಬಳೇ ಕೊಟ್ಟು ಪೂರೈಸೀತಾ?"

"ಪೂರೈಸೀತು. ಕೊಯ್ಲಿಕ್ಕೆ ಪ್ರೇಮ ಉಂಟಲ್ಲ."

ಕಿವಿಯೂ ಕೇಳದ, ಮಾತೂ ಬಾರದ ತಂಗಿ ಪ್ರೇಮಾವತಿ ಸಾಲಿನ ತುದಿಯಲ್ಲಿ ಉಗುರು ತಾಗಿಸದೆ ಕುಡಿ ಮುರಿಯುತ್ತಿದ್ದಳು. ತನ್ನನ್ನು ಗಂಡ ಬಿಟ್ಟ ಮೇಲೆ ಎಂಟು ವರ್ಷದಿಂದ ದೇವಕಿ ದಿನಾ ತುಳಸಿ ಬುಟ್ಟಿ ಹೊತ್ತು ದೇವಸ್ಥಾನಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನದ ನೈವೇದ್ಯದಲ್ಲಿ ಇಬ್ಬರ ಪಾಲಿನ ಅನ್ನ ಸಿಗುತ್ತಿತ್ತು. ಆ ಅಂಗಳದಲ್ಲಿ ನಾಲ್ಕು ಜನರ ನಡುವೆ ನಿಲ್ಲಲು ಅವಳಿಗಿದ್ದ ನೆಪವೂ ಅದೊಂದೇ.

"ಅರ್ಚನೆ ಚೆಂದದಲ್ಲಿ ಮುಗೀಲಿ. ನಿನ್ನ ತುಳಸಿ ಸೇವೆಯನ್ನು ಖಾಯಂ ಮಾಡುವ. ನಿನ್ನ ನಂತರ ಪ್ರೇಮಳಿಗೂ ಅನ್ನ ನಿಲ್ಲದ ಹಾಗೆ ಬರೆಸುವ," ಎಂದರು ತಿರುಮಲೇಶ್ವರ.

ದೇವಕಿಯ ಕಣ್ಣು ಬೇಲಿಯ ಬುಡಕ್ಕೆ ಹೋಯಿತು. ಅಲ್ಲಿ ಒಣ ತರಗೆಲೆಯ ಅಡಿಯಲ್ಲಿ ನೀರು ಹರಿಸಲು ಸೀಳಿದ ಅಡಿಕೆ ಮರದ ದಂಬೆ ಇತ್ತು. ಬೆಳಿಗ್ಗೆ ಅವಳೇ ಮುಚ್ಚಿದ್ದು. ಮೇಲಿನ ರಬ್ಬರ್ ತೋಟದ ಪಾಪ್ಪಚ್ಚನ್, ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ, ಮೀನಿನ ಹೊಂಡ ಮಾಡಿದ್ದ. ಮೂರು ದಿನಕ್ಕೊಮ್ಮೆ ಹಳೆ ನೀರು ಬಿಟ್ಟು ಒರತೆಯ ಹೊಸ ನೀರು ತುಂಬಿಸಬೇಕು. ಶಿವರಾತ್ರಿಯ ಹೊತ್ತಿಗೆ ದೇವಕಿ ದೂರದಿಂದ ಕೊಡಪಾನ ಹೊರುವುದನ್ನು ನೋಡಿ, ಕೇಳದೆಯೇ ದಂಬೆ ಇಟ್ಟು ಆ ನೀರನ್ನು ಇತ್ತ ತಿರುಗಿಸಿದ್ದ. ಯಾರಲ್ಲೂ ಹೇಳಬೇಡಿ ಎನ್ನಲು ಅವಳ ನಾಲಗೆ ಎಷ್ಟೋ ಸಲ ಎದ್ದಿತ್ತು. ಕೈಯೆತ್ತಿ ನೀರು ಕೊಟ್ಟವನಿಗೆ ನಿನ್ನ ನೀರು ನಮ್ಮ ದೇವರಿಗೆ ಆಗುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು?

ಬೇಲಿಯಾಚೆ ಪಾಪ್ಪಚ್ಚನ್‌ನ ಅಡಿಕೆ ಹಾಳೆಯ ಟೊಪ್ಪಿ ಕಾಣಿಸಿತು. ದೇವಕಿಯನ್ನು ಅವನು ತನ್ನ ಭಾಷೆಯಲ್ಲಿ ಚೇಚಿ, ಅಕ್ಕ, ಎನ್ನುತ್ತಿದ್ದ.

"ನೋಡಿದ್ರಾ ಮೊಕ್ತೇಸರರೇ, ನಮ್ಮ ಚೇಚಿಯ ತೋಟ? ಒಂದು ಹಿಡಿ ಗೊಬ್ಬರ ಹಾಕ್ಲಿಲ್ಲ. ಎಲ್ಲ ನನ್ನ ಹೊಂಡದ ನೀರು. ಕಾಟ್ಲಾ ಮೀನು ಹೇತದ್ದು, ತುಳಸಿ ತಿಂದದ್ದು."

ಅವನೊಬ್ಬನೇ ನಕ್ಕ.

ತಿರುಮಲೇಶ್ವರ ಕೈಯಲ್ಲಿದ್ದ ಕುಡಿಯನ್ನು ಎಸೆಯಲಿಲ್ಲ, ಗಿಡದ ಬುಡದಲ್ಲಿ ಮೆಲ್ಲಗೆ ಇಟ್ಟು ಎದ್ದರು.

"ಹೌದಾ ದೇವಕೀ?"

"ಹೌದು."

"ಯಾವಾಗಿನಿಂದ?"

"ಶಿವರಾತ್ರಿಯಿಂದ."

"ವಿಷು ಹಬ್ಬಕ್ಕೆ ದೇವರಿಗೆ ಏರಿಸಿದ್ದೂ ಇದೇ?"

ಅವಳು ತಲೆಯಾಡಿಸಿದಳು. ಪಾಪ್ಪಚ್ಚನ್‌ಗೆ ಈಗ ಸ್ವಲ್ಪ ಸ್ವಲ್ಪವೇ ಅರ್ಥವಾಗತೊಡಗಿತು. "ಹೊಳೆ ನೀರಲ್ಲಿಯೂ ಮೀನುಂಟಲ್ಲ ಸ್ವಾಮಿ," ಎಂದ, ತಗ್ಗಿದ ದನಿಯಲ್ಲಿ.

"ಉಂಟು. ಅದು ನನಗೂ ಗೊತ್ತುಂಟು. ದೇವಸ್ಥಾನದ ತಂತ್ರಿಗಳಿಗೆ ಅದನ್ನು ನೀವು ಬಂದು ಹೇಳ್ತೀರಾ?" ತಿರುಮಲೇಶ್ವರ ದೇವಕಿಯ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಶುದ್ಧಿಕಲಶ ಮಾಡಿಸ್ಬೇಕು. ಯಾಕೆ ಅಂತ ನಾನು ಯಾರಿಗೂ ಹೇಳುದಿಲ್ಲ. ನಾಳೆಯಿಂದ ನೀನು ಬರುದು ಬೇಡ."

"ಇದನ್ನೆಲ್ಲ ಕಿತ್ತು ಹೊಸ ಗಿಡ ನೆಡ್ತೇನೆ. ಬಾವಿ ನೀರೇ ಹಾಕ್ತೇನೆ."

"ಯಾವ ಬಾವಿಯದ್ದು?"

ಅವಳ ಬಾವಿಯ ಹಗ್ಗ ಒಣಗಿ ರಾಟೆಯಲ್ಲಿ ನೇತಾಡುತ್ತಿತ್ತು. ಅವರು ಅದನ್ನು ನೋಡಿಯೂ ನೋಡದವರಂತೆ ಗುಡ್ಡ ಇಳಿದು ಹೋದರು.

ಪಾಪ್ಪಚ್ಚನ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಒಂದು ಮಾತು ನನಗೆ ಹೇಳ್ಬಹುದಿತ್ತಲ್ಲ ಚೇಚಿ."

"ನಿಮಗೆ ಹೇಗೆ ಹೇಳುದು?" ಎಂದಳು ದೇವಕಿ. ಅವನು ಬಗ್ಗಿ ದಂಬೆಯ ಮೇಲಿನ ತರಗೆಲೆ ಸರಿಸಿದ. ಆಮೇಲೆ ದಂಬೆಯನ್ನು ಎತ್ತಿಕೊಂಡು ಹೋಗಲೋ ಬೇಡವೋ ತಿಳಿಯದೆ, ಅದನ್ನು ಹಾಗೇ ಬಿಟ್ಟು ಹೋದ.

ದೇವಕಿ ತಂಗಿಗೆ ತಿಳಿಸಲು ನೋಡಿದಳು. ದೇವಸ್ಥಾನದ ದಿಕ್ಕಿಗೆ ಬೆರಳು ತೋರಿಸಿದಳು, ಬುಟ್ಟಿ ತೋರಿಸಿದಳು, ಬೇಡವೆಂದು ಎರಡೂ ಕೈ ಆಡಿಸಿದಳು. ಬಂದವರು ಏನೋ ದೊಡ್ಡ ಪೂಜೆಗೆ ತುಳಸಿ ಕೇಳಿದ್ದಾರೆಂಬುದು ಪ್ರೇಮಾವತಿಗೆ ಹೊಳೆದಿತ್ತು. ಅವಳು ನಕ್ಕು, ಇಷ್ಟು ಸಾಲದು, ಬುಟ್ಟಿ ತುಂಬಿಸಿ ಕೊಡುತ್ತೇನೆ ಎಂಬಂತೆ ಕೈ ಅಗಲಿಸಿ ತೋರಿಸಿದಳು.

ಮರುದಿನ ದೇವಕಿ ಏಳುವಷ್ಟರಲ್ಲಿ ಬಾಗಿಲ ಬಳಿ ಬುಟ್ಟಿ ತುಂಬಿ ರಾಶಿಯಾಗಿತ್ತು. ತಂಗಿಯ ಬೆರಳೆಲ್ಲ ಹಸಿರು. ದೇವಕಿ ಸ್ನಾನ ಮಾಡಿ, ಸೀರೆ ಉಟ್ಟು, ಬುಟ್ಟಿ ಹೊತ್ತು, ಅನ್ನದ ಪಾತ್ರೆ ಹಿಡಿದು ಹೊರಟಳು. ತಿರುವಿನವರೆಗೂ ಬೆನ್ನ ಮೇಲೆ ಪ್ರೇಮಾವತಿಯ ಕಣ್ಣಿತ್ತು.

ತಿರುವು ದಾಟಿದ ಮೇಲೆ ರಬ್ಬರ್ ಮರಗಳ ನಡುವೆ ಕುಳಿತಳು. ಬಿಸಿಲೇರಿತು. ತುಳಸಿ ಬಾಡಿ ಅದರ ಪರಿಮಳ ಮತ್ತೂ ಗಾಢವಾಯಿತು. ಕೆಳಗಿನಿಂದ ಮಧ್ಯಾಹ್ನದ ಪೂಜೆಯ ಗಂಟೆ ಕೇಳಿದಾಗ ಎದ್ದು, ಬುಟ್ಟಿಯನ್ನು ಮರದ ಬುಡಕ್ಕೆ ಸುರಿದು, ಅಂಟಿಕೊಂಡ ಎಸಳುಗಳನ್ನು ಒಂದೂ ಉಳಿಯದಂತೆ ಹೆಕ್ಕಿ ತೆಗೆದಳು. ಖಾಲಿ ಪಾತ್ರೆಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಬಾಳೆಲೆ ಮುಚ್ಚಿ, ಅನ್ನ ತುಂಬಿದ್ದಾಗ ಹಿಡಿಯುವ ಹಾಗೆಯೇ ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಯ ಕಡೆ ನಡೆದಳು.