ಅತ್ತೆ ಗೊತ್ತು ಮಾಡಿದ ಬ್ರೋಕರ್

"ನಾನೊಬ್ಬ ಬ್ರೋಕರನ್ನ ಗೊತ್ತು ಮಾಡಿದ್ದೀನಿ," ಅಂದರು ಅತ್ತೆ, ಬೆಳಗಿನ ಚಹಾದ ಲೋಟ ಕೆಳಗಿಡುತ್ತಾ. "ನನಗೊಂದು ಮನೆ ತಗೋಬೇಕು. ಚಿಕ್ಕದು ಸಾಕು. ಒಬ್ಬಳಿಗೆ ಆಗುವಷ್ಟು."

ಒಬ್ಬಳಿಗೆ ಅಂತೆ. ನನ್ನ ಕೈಲಿದ್ದ ಬಾಚಣಿಗೆ ಮಗಳ ಜಡೆಯಲ್ಲೇ ನಿಂತಿತು. ನಮ್ಮವರು ಪೇಪರ್ ಕೆಳಗಿಳಿಸಿ ಅಮ್ಮನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಈ ಮನೆಯಲ್ಲಿ ಏನು ಎಡವಟ್ಟಾದರೂ ಮೊದಲು ತಿರುಗುವುದು ನನ್ನ ಕಡೆಗೇ.

"ನನ್ನನ್ಯಾಕೆ ನೋಡ್ತೀರಾ? ನಾನೇನೂ ಅಂದಿಲ್ಲಪ್ಪ," ಅಂದೆ. ನಿಜವಾಗಿಯೂ ಅಂದಿರಲಿಲ್ಲ. ಹಿಂದಿನ ದಿನ ಗೀಸರ್ ಆಫ್ ಮಾಡಿಲ್ಲ ಅಂತ ಗೊಣಗಿದ್ದೆ, ಅಷ್ಟೇ. ಗೀಸರ್ ಮಾತಿಗೆಲ್ಲ ಯಾರಾದರೂ ಮನೆ ಬಿಟ್ಟು ಹೋಗ್ತಾರಾ?

ಅತ್ತೆ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ವಾರ್ಡಿನಲ್ಲಿ ಡಾಕ್ಟರುಗಳೂ ಅವರ ಮುಖ ನೋಡಿಕೊಂಡೇ ಮಾತಾಡುತ್ತಿದ್ದರಂತೆ. ರಿಟೈರ್ ಆದಾಗ ಬಂದ ಹಣ ಅವರ ಹೆಸರಿನಲ್ಲೇ ಇದೆ, ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಕೋಪ ಮಾಡಿಕೊಂಡು ಹೇಳಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ನಗುನಗುತ್ತಲೇ ಹೇಳಿ, ಲೋಟ ತೊಳೆದಿಟ್ಟು ಎದ್ದು ಹೋದರು.

ಲಾರಿ ಆಫೀಸಿನಲ್ಲಿ ಕೂತು ಡ್ರೈವರುಗಳ ಮೇಲೆ ಗುಡುಗುವ ನಮ್ಮವರು ಅಮ್ಮನ ಮುಂದೆ ಮಾತ್ರ ಬಾಯಿ ಸತ್ತವರು. ಅಡುಗೆಮನೆಗೆ ಬಂದು ಪಿಸುಗುಟ್ಟಿದರು. "ನೀನೂ ಜೊತೆಗೆ ಹೋಗು. ಯಾವ ಮನೆ ತೋರಿಸಿದ್ರೂ ಏನಾದ್ರೊಂದು ಕೊಂಕು ತೆಗಿ. ಸುತ್ತಿ ಸುತ್ತಿ ಸಾಕಾಗಿ ಅಮ್ಮನೇ ಸುಮ್ಮನಾಗ್ತಾಳೆ. ಕೊಂಕು ತೆಗೆಯೋದು ನಿನಗೇನು ಹೊಸದಾ?"

ಹೊಸದಲ್ಲ, ಅದೇ ನನ್ನ ಹೊಟ್ಟೆಪಾಡು. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಸೆಕ್ಷನ್ ನನ್ನದು. ಬಿಳಿ ಲೈಟಿನ ಕೆಳಗೆ ಮೇಜಿನ ಮೇಲೆ ಶರ್ಟು ಹರಡಿಕೊಂಡು, ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ಎಣ್ಣೆ ಕಲೆ, ಯಾವ ಗುಂಡಿ ಓರೆ ಅಂತ ಹುಡುಕಿ, ತಪ್ಪಿರುವ ಕಡೆ ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ದಿನವಿಡೀ ಅದೇ ಕೆಲಸ. ಸಂಜೆ ಬಸ್ಸಿನಲ್ಲಿ ಮುಂದೆ ನಿಂತವರ ಕಾಲರ್ ನೋಡಿದರೂ ಕೈ ತುರಿಸುತ್ತದೆ.

ಹಾಗಾಗಿ ಹೊರಟೆ. ಗಂಡನ ಮಾತಿಗೆ ಅಂತ ಅಲ್ಲ, ನನ್ನದೇ ಭಯಕ್ಕೆ. ನಾಳೆ ಜನ ಏನಂತಾರೆ? ಸೊಸೆ ಅತ್ತೆಯನ್ನು ಹೊರಗೆ ಹಾಕಿದಳು ಅಂತಲೇ ತಾನೆ? ಮಗನ ಹೆಸರು ಯಾರೂ ಎತ್ತುವುದಿಲ್ಲ.

ಬ್ರೋಕರ್ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡೇ ಓಡಾಡುವ ತೆಳ್ಳಗಿನ ಆಸಾಮಿ. ಯಾವ ಮನೆಯ ಬಾಗಿಲು ತೆಗೆದರೂ "ಗಾಳಿ ಬೆಳಕು ನೋಡಿ ಅಮ್ಮ" ಅಂತಲೇ ಶುರು. ಕಿಟಕಿಯೇ ಇಲ್ಲದ ಸ್ಟೋರ್ ರೂಮು ತೋರಿಸುವಾಗಲೂ ಅದನ್ನೇ ಅಂದ. ನಾನು ಅವನಿಗೆ ಗಾಳಿಬೆಳಕು ಅಂತಲೇ ಹೆಸರಿಟ್ಟೆ. ಅತ್ತೆ ಬಸ್ಸಿನಲ್ಲಿ ಅದನ್ನು ಕೇಳಿ ಸೆರಗು ಬಾಯಿಗೊತ್ತಿಕೊಂಡು ನಕ್ಕರು.

ಮೊದಲ ಮನೆಯಲ್ಲಿ ಬಚ್ಚಲಿಗೆ ಒಂದು ಚೊಂಬು ನೀರು ಸುರಿದೆ. ನೀರು ಜಾಲರಿಯ ಕಡೆ ಹೋಗುವ ಬದಲು ಮೂಲೆಗೆ ಹೋಗಿ ನಿಂತಿತು. "ದಿನಾ ಪೊರಕೆ ಹಿಡ್ಕೊಂಡು ಸ್ನಾನ ಮಾಡ್ಬೇಕು," ಅಂದೆ. ಎರಡನೆಯದರಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ. ಉಗುರಿನಿಂದ ಕೆರೆದರೆ ಸುಣ್ಣ ಹಪ್ಪಳದ ಹಾಗೆ ಎದ್ದು ಬಂತು, ಒಳಗೆಲ್ಲ ತೇವ. ಇನ್ನೊಂದರಲ್ಲಿ ಅಡುಗೆಮನೆಯ ಕಿಟಕಿ ತೆಗೆದರೆ ಪಕ್ಕದ ಹೋಟೆಲಿನ ಹೊಗೆ ನೇರ ಮುಖಕ್ಕೆ. ಅತ್ತೆ ಪ್ರತಿ ಸಲವೂ "ಹೌದು, ಬೇಡ" ಅಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಒಂದು ಸಲವೂ ವಾದ ಮಾಡಲಿಲ್ಲ.

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ," ಅಂದ ಗಾಳಿಬೆಳಕು ಮೆಟ್ಟಿಲಲ್ಲಿ. "ಅಮ್ಮನವರು ಒಪ್ಪೋ ಮುಖ ಮಾಡೋಷ್ಟರಲ್ಲಿ ನೀವು ಬಾಯಿ ತೆಗೀತೀರಾ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಾ?"

"ನಾನೇನು ಸುಳ್ಳು ಹೇಳಿದ್ನಾ?"

"ಸುಳ್ಳಾಗಿದ್ರೆ ಸಮಾಧಾನ ಮಾಡ್ಕೋತಿದ್ದೆ," ಅಂದ ಪಾಪ.

ಮನೆಗಳು ಬೇಡವಾಗುತ್ತಾ ಹೋದವು, ಆದರೆ ಅತ್ತೆ ಸುಸ್ತಾಗಲಿಲ್ಲ. ನನಗೇ ಕೈಕಾಲು ಆಡದ ಹಾಗಾಯಿತು. ಫ್ರಿಜ್ ಬಾಗಿಲು ತೆಗೆದು ಯಾತಕ್ಕೆ ತೆಗೆದೆ ಅಂತ ನಿಂತುಬಿಡುತ್ತಿದ್ದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಅಂತ ಗೊತ್ತಿಲ್ಲ. ಫ್ಯಾಕ್ಟರಿಯಲ್ಲಿ ಕಫ್ ಉಲ್ಟಾ ಹೊಲೆದಿದ್ದ ಶರ್ಟನ್ನು ಪಾಸ್ ಮಾಡಿಬಿಟ್ಟೆ. ಸೂಪರ್‌ವೈಸರಮ್ಮ ಅದನ್ನು ತಂದು ಮುಖಕ್ಕೆ ಹಿಡಿದು, "ಎಲ್ಲಿದೆ ನಿನ್ನ ಜ್ಞಾನ?" ಅಂದಳು. ನಮ್ಮವರು ಮಾತ್ರ ಹಾಯಾಗಿದ್ದರು. ಪ್ರತಿ ಭಾನುವಾರ ಸಂಜೆ "ಇವತ್ತೇನು ಕೊಂಕು?" ಅಂತ ಕೇಳಿ, ಹೇಳಿದರೆ ನಕ್ಕು, ಟಿವಿ ಕಡೆ ತಿರುಗುತ್ತಿದ್ದರು.

ಒಂದು ದಿನ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. "ಅತ್ತೆ, ನಿಜ ಹೇಳಿ. ನಮ್ಮನೇಲಿ ನಿಮಗೇನು ಕಮ್ಮಿ ಮಾಡಿದ್ವಿ?"

"ಏನೂ ಕಮ್ಮಿ ಮಾಡಿಲ್ಲ ಕಣೆ."

"ಮತ್ತೆ?"

"ಮತ್ತೇನಿಲ್ಲ. ಮನೆ ಬೇಕು." ಅಷ್ಟು ಹೇಳಿ ಕಿಟಕಿಯಾಚೆ ನೋಡತೊಡಗಿದರು.

ಮೈಯೆಲ್ಲ ಉರಿಯಿತು. ಬೈದಿದ್ದರೆ, ನಿನ್ನ ನಾಲಿಗೆ ಸರಿಯಿಲ್ಲ ಅಂದಿದ್ದರೆ, ತಿದ್ದಿಕೊಳ್ಳುತ್ತಿದ್ದೆ. ತಪ್ಪೇ ಇಲ್ಲ ಅಂದರೆ ನಾನು ತಿದ್ದುವುದೇನನ್ನು? ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವೆ. ಸಂಜೆ ನಾನು ಬಂದ ಮೇಲೆ ಫ್ಯಾಕ್ಟರಿಯ ಕಥೆಯೆಲ್ಲ ಅವರಿಗೆ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ನಮ್ಮವರನ್ನು ಬೈಯುವುದಕ್ಕೆ ಅವರ ಅಮ್ಮನಷ್ಟು ಒಳ್ಳೆಯ ಜೊತೆ ನನಗೆ ಇನ್ನೆಲ್ಲಿ ಸಿಗಬೇಕು?

ಕೊನೆಗೆ ಗಾಳಿಬೆಳಕು ಔಷಧಿ ಅಂಗಡಿಯ ಮೇಲಿನ ಒಂದು ಮನೆಗೆ ಕರೆದುಕೊಂಡು ಹೋದ. ಮಾಲೀಕರು ಖಾಲಿ ಮಾಡಿ ಹೋಗಿದ್ದರು. ಒಂದು ಹಾಲು, ಒಂದು ರೂಮು, ಅಡುಗೆಮನೆ, ಬಚ್ಚಲು. ಆವತ್ತು ಅವನು ಗಾಳಿ ಬೆಳಕಿನ ಮಾತೇ ಎತ್ತಲಿಲ್ಲ. ಬಾಗಿಲು ತೆಗೆದು ಪಕ್ಕಕ್ಕೆ ನಿಂತು, "ನೋಡ್ಕೊಳ್ಳಿ ಅಕ್ಕಾ, ನಿಮ್ಮಿಷ್ಟ," ಅಂದ.

ನೀರು ಸುರಿದೆ, ಸರಾಗವಾಗಿ ಜಾಲರಿಗೆ ಹೋಯಿತು. ಗೋಡೆ ಕೆರೆದೆ, ಗಟ್ಟಿ. ನಲ್ಲಿಗಳನ್ನೆಲ್ಲ ತಿರುಗಿಸಿದೆ, ಸ್ವಿಚ್ಚುಗಳನ್ನು ಒತ್ತಿದೆ, ಸಿಂಕಿನ ಕೆಳಗೆ ಕೈ ಹಾಕಿ ಪೈಪು ಒದ್ದೆಯಿದೆಯಾ ನೋಡಿದೆ. ಕಿಟಕಿಯಾಚೆ ಶಾಂತವಾದ ರಸ್ತೆ, ಎದುರಿಗೆ ಒಬ್ಬ ಟೈಲರ್, ಮೂಲೆಯಲ್ಲಿ ಬಸ್ ಸ್ಟಾಪು. ಮತ್ತೆ ಮೊದಲಿಂದ ಶುರು ಮಾಡಿದೆ. ಏನೂ ಸಿಗಲಿಲ್ಲ.

ಅಷ್ಟರಲ್ಲಿ ಅತ್ತೆ ಕಾಣಿಸಲಿಲ್ಲ. ರೂಮಿನ ಬಾಗಿಲು ಮುಚ್ಚಿತ್ತು. ತಳ್ಳಿದೆ, ತೆರೆಯಲಿಲ್ಲ. ಒಳಗಿಂದ ಚಿಲಕ ಹಾಕಿಕೊಂಡಿದ್ದರು.

"ಅತ್ತೆ?" ಅಂದೆ. ಗಾಳಿಬೆಳಕು ಗಾಬರಿಯಿಂದ ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ನನ್ನ ಕೈ ಇನ್ನೂ ಬಾಗಿಲ ಮೇಲೇ ಇತ್ತು, ಇನ್ನೊಮ್ಮೆ ತಳ್ಳುವುದಕ್ಕೆ ಸಿದ್ಧವಾಗಿ. ಆಗ ಹೊಳೆಯಿತು. ನಮ್ಮನೆಯಲ್ಲಿ ಅತ್ತೆಯ ರೂಮಿಗೆ ಚಿಲಕವೇ ಇಲ್ಲ. ಮಗಳು ಚಿಕ್ಕವಳಿದ್ದಾಗ ಒಳಗೆ ಸಿಕ್ಕಿಹಾಕಿಕೊಂಡು ರಂಪವಾಗಿತ್ತು, ನಮ್ಮವರು ಅದನ್ನು ಕಿತ್ತು ಹಾಕಿದ್ದರು. ಆಮೇಲೆ ಯಾರೂ ಹಾಕಿಸಲಿಲ್ಲ. ಬಟ್ಟೆ ಒಣಗಿಸುವ ಬಾಲ್ಕನಿಗೆ ಆ ರೂಮು ದಾಟಿಯೇ ಹೋಗಬೇಕು. ಅವರು ಮಲಗಿರಲಿ, ಸೀರೆ ಉಡುತ್ತಿರಲಿ, ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಾನು ನುಗ್ಗುತ್ತೇನೆ. ಬಾಗಿಲು ತಟ್ಟಬೇಕು ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ಕೈ ಕೆಳಗಿಳಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಹೊರಗೆ ಬಂದರು. ಬರೀ ನೆಲದ ಮೇಲೆ ಕೂತಿದ್ದರೇನೋ, ಸೀರೆಯ ಹಿಂದೆಲ್ಲ ಧೂಳು. ಮುಖ ಮಾತ್ರ ಒಳ್ಳೆಯ ನಿದ್ದೆ ಮಾಡಿ ಎದ್ದವರ ಹಾಗಿತ್ತು.

"ಹೇಳು," ಅಂದರು ನನ್ನನ್ನೇ ನೋಡುತ್ತಾ. "ಏನು ಕೊರತೆ?"

ನಾನು ಗೋಡೆ ನೋಡಿದೆ.

"ನಿನ್ನ ಗಂಡ ಯಾಕೆ ಕಳಿಸಿದ್ದಾನೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಗೊತ್ತಿದ್ದೇ ಕರ್ಕೊಂಡು ಓಡಾಡಿದ್ದು. ಅವನನ್ನ ಕರ್ಕೊಂಡು ಬಂದಿದ್ರೆ ಬಿದ್ದು ಹೋಗೋ ಮನೇನೂ ಚೆನ್ನಾಗಿದೆ ಅಂತಿದ್ದ, ಇಲ್ಲಾ ಅಳ್ತಾ ಕೂತಿರ್ತಿದ್ದ. ನೀನು ಇಷ್ಟು ದಿನ ಒಂದು ಸುಳ್ಳೂ ಹೇಳಲಿಲ್ಲ. ಈಗಲೂ ನೀನು ಬೇಡ ಅಂದ್ರೆ ಬೇಡ. ಹುಡುಕೋದೇ ನಿಲ್ಲಿಸ್ತೀನಿ. ಹೇಳು."

ನಾಲಿಗೆಯ ತುದಿಯಲ್ಲೇ ಇತ್ತು. ಸ್ಲ್ಯಾಬಿನಲ್ಲಿ ಬಿರುಕು ಅಂದರೆ ಸಾಕು. ಬ್ರೋಕರ್ ಮನೆಗೆ ಹೋಗುತ್ತಾನೆ, ಅತ್ತೆ ನಮ್ಮನೆಗೆ ಬರುತ್ತಾರೆ, ಸಂಜೆ ಇಬ್ಬರೂ ಕೂತು ಸೊಪ್ಪು ಬಿಡಿಸುತ್ತೇವೆ. ಒಂದೇ ಒಂದು ಸುಳ್ಳು. ನಂಬುತ್ತಾರೆ, ಮರುಪ್ರಶ್ನೆ ಕೂಡ ಕೇಳುವುದಿಲ್ಲ. ನಂಬುತ್ತಾರೆ ಅನ್ನುವುದಕ್ಕೇ ಆ ಸುಳ್ಳು ಹೊರಡಲಿಲ್ಲ.

"ನೀವು ಹೋದ್ರೆ ನನಗೆ ಆಗಲ್ಲ ಅತ್ತೆ," ಅಂದೆ. ಬ್ರೋಕರ್ ಎದುರಿಗೇ ಅಳು ಬಂದುಬಿಟ್ಟಿತು.

ಅತ್ತೆ ಹತ್ತಿರ ಬಂದು ನನ್ನ ಕೆನ್ನೆ ಒರೆಸಿದರು. ಅವರ ಕಣ್ಣೂ ತುಂಬಿತ್ತು. ಆದರೆ ದನಿ ವಾರ್ಡಿನ ದನಿಯೇ. "ಅದು ಮನೆಯ ಕೊರತೆ ಅಲ್ವಲ್ಲ. ನಾನು ಮನೆ ಬಗ್ಗೆ ಕೇಳಿದ್ದು."

"ಮನೇಲಿ ಏನೂ ಕೊರತೆ ಇಲ್ಲ," ಅಂದೆ.

ಕಿಟಕಿಯ ಹತ್ತಿರ ನಿಂತಿದ್ದ ಗಾಳಿಬೆಳಕು ಮೆತ್ತಗೆ ಮಾಲೀಕರಿಗೆ ಫೋನು ಹಚ್ಚಿದ.

ಆವತ್ತು ರಾತ್ರಿ ನಮ್ಮವರು ನೀನೇ ಒಪ್ಪಿಸಿಬಿಟ್ಟೆ ಅಂತ ಕೂಗಾಡಿದರು. ನೀನೇ ಒಪ್ಪಿಸಿಬಿಟ್ಟೆ ಅಂತ ಕೂಗಾಡಿದರು. ರಿಜಿಸ್ಟ್ರೇಷನ್ ದಿನ ಅವರೇ ಸಾಕ್ಷಿ ಸಹಿ ಹಾಕಿದರು, ಅಮ್ಮನ ಮುಖ ನೋಡದೆ. ಅಲ್ಲಿಂದ ನೇರ ಲಾರಿ ಆಫೀಸಿಗೆ ಹೋದರು. ನಾನು ಅತ್ತೆಯ ಪೆಟ್ಟಿಗೆ ಹೊತ್ತುಕೊಂಡು ಹೊಸ ಮನೆಗೆ ಬಂದೆ.

ಬಾಗಿಲ ಹತ್ತಿರ ಬ್ರೋಕರ್ ಎರಡು ಬೀಗದ ಕೈ ಕೊಟ್ಟ, ಒಂದು ಅತ್ತೆಗೆ, ಒಂದು ನನಗೆ. ಅವನಿಗೆ ಅದು ಸಹಜ ಅನ್ನಿಸಿರಬೇಕು. ನನಗೂ ಅನ್ನಿಸಿತು, ಆಗಲೇ ಪರ್ಸಿನ ಜಿಪ್ಪು ಎಳೆದಿದ್ದೆ. ಅತ್ತೆ ನನ್ನ ಅಂಗೈಯಿಂದ ಅದನ್ನು ತೆಗೆದುಕೊಂಡು, ತಮ್ಮದರ ಜೊತೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿದರು.

"ನೀನು ಬಂದಾಗ ಬೆಲ್ ಮಾಡು," ಅಂದರು. "ನಾನು ಬಂದು ತೆಗೀತೀನಿ."

ಮುಖಕ್ಕೆ ಹೊಡೆದ ಹಾಗಾಯಿತು. ಅವರು ಪೆಟ್ಟಿಗೆ ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚಿದರು. ಬ್ರೋಕರ್ ಮೆಟ್ಟಿಲಿಳಿದು ಹೋದ. ನಾನು ಅಲ್ಲೇ ನಿಂತೆ. ಕೋಪ ಬಂತು, ಅಳು ಬಂತು, ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತಿದೆ.

ಸೆರಗು ಸರಿಮಾಡಿಕೊಂಡು ಬೆಲ್ ಒತ್ತಿದೆ.

"ಯಾರು?" ಅಂತ ಒಳಗಿಂದ ಕೇಳಿದರು.

"ನಾನು, ಅತ್ತೆ. ಬರಬಹುದಾ?"