ಎಂಬತ್ತೈದು ಮೀಟರ್ ದೂರ

ಚಿಕ್ಕಮಗಳೂರಿನ ಹೊರವಲಯದಲ್ಲಿ ಕಾಫಿಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಒಂದೇ ಸೀಸನ್ನಿಗೆ ಮೂರು ಕಂಪ್ಯೂಟರ್ ಕೆಟ್ಟು ಕೂತಿದ್ದವು. ಬೀಜದ ಬಣ್ಣ ನೋಡಿ ಕಪ್ಪಾದದ್ದನ್ನೂ ಒಡೆದದ್ದನ್ನೂ ಬೇರೆ ಮಾಡುವ ಯಂತ್ರದ ಪಕ್ಕದಲ್ಲೇ ಅವನ್ನಿಟ್ಟಿದ್ದರು. ಹೊಟ್ಟಿನ ಧೂಳು ಫ್ಯಾನಿನೊಳಗೆ ಹೊಕ್ಕು ಗಂಟುಕಟ್ಟುತ್ತಿತ್ತು. ಯಂತ್ರದ ನಡುಕಕ್ಕೆ ಒಳಗಿನ ತಿರುಪುಗಳು ಸಡಿಲಾಗುತ್ತಿದ್ದವು. ಕೊನೆಗೆ ಮ್ಯಾನೇಜರ್ ರೇಣುಕಪ್ರಸಾದ್, "ಕ್ಯಾಮೆರಾ ಅಲ್ಲಿರಲಿ, ಕಂಪ್ಯೂಟರ್ ಆಫೀಸಿಗೆ ಬರಲಿ" ಎಂದುಬಿಟ್ಟರು.

ಆ ಕೆಲಸಕ್ಕೆ ಬಂದವಳು ಪವಿತ್ರಾ. ಜಾವಳಿಯವಳು. ಕಾರ್ಖಾನೆಗಳಿಗೆ ಕ್ಯಾಮೆರಾ ಕೂರಿಸುವ ಹಾಸನದ ಒಂದು ಕಂಪನಿಯಲ್ಲಿ ಐದು ವರ್ಷದಿಂದ ಇದ್ದಳು. ಆ ಕ್ಯಾಮೆರಾ ಸೆಕೆಂಡಿಗೆ ನೂರಾರು ಚಿತ್ರ ತೆಗೆಯುತ್ತಿತ್ತು. ಮಾಮೂಲಿ ಕೇಬಲ್ಲಿನಲ್ಲಿ ಅಷ್ಟು ಚಿತ್ರ ನಾಲ್ಕೈದು ಮೀಟರ್ ಹೋಗುವುದೇ ಹೆಚ್ಚು, ಆಮೇಲೆ ನಡುನಡುವೆ ಕಳೆದುಹೋಗುತ್ತವೆ. ಆಫೀಸು ಇದ್ದದ್ದು ಒಣಗಿಸುವ ಕಣದ ಆಚೆ, ಎಂಬತ್ತೈದು ಮೀಟರ್ ದೂರದಲ್ಲಿ. ಅದಕ್ಕೇ ಗಾಜಿನ ಎಳೆಯ ಫೈಬರ್ ಕೇಬಲ್ ತಂದಿದ್ದಳು. ಎರಡು ತುದಿಗೂ ಒಂದೊಂದು ಪುಟ್ಟ ಡಬ್ಬಿ. ಒಂದು ಚಿತ್ರವನ್ನು ಬೆಳಕು ಮಾಡಿ ಕಳಿಸುತ್ತದೆ, ಇನ್ನೊಂದು ಬೆಳಕನ್ನು ಮತ್ತೆ ಚಿತ್ರ ಮಾಡುತ್ತದೆ.

ಜೊತೆಗೆ ಕೆಲಸ ಮಾಡಿದವರು ಅಲ್ಲಿಯ ಎಲೆಕ್ಟ್ರಿಷಿಯನ್ ದೇವೇಂದ್ರ. ಐವತ್ತು ದಾಟಿದ ಮನುಷ್ಯ, ಮೂಡಿಗೆರೆ ಕಡೆಯವರು.

"ಕೂದಲಿನಷ್ಟು ಗಾಜಲ್ಲಿ ಇಷ್ಟೆಲ್ಲ ಹೋಗುತ್ತಾ ಮಾರಾಯ್ತಿ?" ಎಂದು ಮೊದಲ ದಿನವೇ ಕೇಳಿದ್ದರು.

"ಚಿತ್ರ ಹೋಗುತ್ತೆ ದೇವೇಂದ್ರಣ್ಣ, ಕರೆಂಟ್ ಹೋಗಲ್ಲ. ಕ್ಯಾಮೆರಾಕ್ಕೆ ಕರೆಂಟ್ ಅಲ್ಲೇ ಕೊಡಬೇಕು."

"ಆಫೀಸಿಂದ ಮಷಿನ್ ನಿಲ್ಲಿಸೋ ಸ್ವಿಚ್ಚು?"

"ಅದಕ್ಕೆ ಬೇರೆ ವೈರು. ಆಮೇಲೆ ಎಳೆಯೋಣ, ಮೊದ್ಲು ಚಿತ್ರ ಬರ್ಲಿ."

ಮೂರನೆಯ ದಿನ ಕೇಬಲ್ಲು ಬಿನ್ನಿನ ಮೇಲಿನ ತೊಲೆಗುಂಟ ಹೋಗಬೇಕಿತ್ತು. ಬಿನ್ ಎಂದರೆ ಎರಡಾಳೆತ್ತರದ ಕಬ್ಬಿಣದ ತೊಟ್ಟಿ. ಮೇಲೆ ಬಾಯಿ ತೆರೆದಿರುತ್ತದೆ, ಕೆಳಗೆ ಇಳಿಜಾರಾಗಿ ಕಿರಿದಾಗಿ ಒಂದು ಗೇಟಿನಲ್ಲಿ ಮುಗಿಯುತ್ತದೆ. ಗೇಟಿನಿಂದ ಬೀಜ ಬೆಲ್ಟಿಗೆ ಬಿದ್ದು ಕ್ಯಾಮೆರಾದ ಕೆಳಗೆ ಹರಿದುಹೋಗುತ್ತದೆ. ಅವತ್ತು ಬಿನ್ನಿನಲ್ಲಿ ಮುಕ್ಕಾಲು ಭಾಗ ಬೀಜವಿತ್ತು. ಮೇಲೆ ಅಡ್ಡಲಾಗಿ ಹಾಸಿದ ಹಲಗೆಯ ಮೇಲೆ ಕೂತು ದೇವೇಂದ್ರ ಸೊಂಟಕ್ಕೆ ಸಿಕ್ಕಿಸಿಕೊಂಡ ಪ್ಲಾಸ್ಟಿಕ್ ಕವರಿನಿಂದ ಕೇಬಲ್ಲಿನ ಬಿಳಿ ಕ್ಲಿಪ್ಪುಗಳನ್ನು ತೆಗೆದು ತೊಲೆಗೆ ಹೊಡೆಯುತ್ತಿದ್ದರು.

ಬೆಳಿಗ್ಗೆ ಹನ್ನೊಂದಕ್ಕೆ ಪವಿತ್ರಾ ಆಫೀಸಿನ ತುದಿಯನ್ನು ಜೋಡಿಸಿ ಮುಗಿಸಿದಳು. ದೇವೇಂದ್ರ ಫೋನಿನಲ್ಲಿ, "ಇನ್ನು ಹತ್ತು ಕ್ಲಿಪ್ಪು, ಇಳೀತೀನಿ" ಎಂದಿದ್ದರು. ರೇಣುಕಪ್ರಸಾದ್ ಅವಳ ಕುರ್ಚಿಯ ಹಿಂದೆ ನಿಂತು ಎರಡು ಸಲ ಗಡಿಯಾರ ನೋಡಿಕೊಂಡರು. ಕಾಲು ಗಂಟೆಯಾಯಿತು. ಅವಳು ಯಂತ್ರ ನಡೆಸುವ ರುದ್ರೇಶನಿಗೆ ಫೋನ್ ಮಾಡಿದಳು.

"ದೇವೇಂದ್ರಣ್ಣ ಇಳಿದ್ರಾ?"

"ಇಳಿದಿರ್ಬೇಕು ಮೇಡಂ. ಏಣಿ ಹತ್ರ ಯಾರೂ ಕಾಣಲ್ಲ."

ಆ 'ಇರ್ಬೇಕು' ಅವಳ ಕಿವಿಗೆ ಬಿತ್ತು. ಬಿದ್ದರೂ, "ಹಾಗಾದ್ರೆ ಶುರು ಮಾಡಿ" ಎಂದಳು.

ಚಿತ್ರ ಬಂತು. ಓಡುವ ಬೆಲ್ಟಿನ ಮೇಲೆ ಒಂದೊಂದು ಬೀಜವೂ ನಿಂತಂತೆ, ನಡುವಿನ ಗೆರೆ ಸಹಿತ ಕಾಣುತ್ತಿತ್ತು. ಒಂದು ಚಿತ್ರವೂ ತಪ್ಪಿರಲಿಲ್ಲ. ರೇಣುಕಪ್ರಸಾದ್ ಖುಷಿಯಾಗಿ ಯಾರಿಗೋ ಹೇಳಲು ಹೊರಗೆ ಹೋದರು.

ಆಗ ಬೀಜದ ನಡುವೆ ಒಂದು ಬಿಳಿ ಕ್ಲಿಪ್ಪು ದಾಟಿತು. ಕೈಜಾರಿ ಬಿದ್ದದ್ದಿರಬೇಕು ಎಂದುಕೊಂಡಳು. ಇನ್ನೆರಡು ಬಂದವು. ಆಮೇಲೆ ಆರೋ ಏಳೋ ಒಟ್ಟಿಗೆ, ಮೊಳೆ ಸಮೇತ. ಅವುಗಳ ಹಿಂದೆಯೇ ಕ್ಲಿಪ್ಪು ತುಂಬಿಕೊಂಡಿದ್ದ ಪ್ಲಾಸ್ಟಿಕ್ ಕವರು, ಹರಿದು ಮುದುರಿಕೊಂಡು.

ಆ ಕವರನ್ನು ದೇವೇಂದ್ರ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಅವರ ಫೋನಿಗೆ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ರುದ್ರೇಶನಿಗೆ ಮಾಡಿದಳು. ಯಂತ್ರದ ಸದ್ದಿನಲ್ಲಿ ಅವನಿಗೆಲ್ಲಿ ಕೇಳಬೇಕು. ಕೀಬೋರ್ಡಿನ ಮೇಲೆ ಕೈ ಹೋಯಿತು, ಆದರೆ ಅಲ್ಲಿ ಏನು ಒತ್ತಿದರೂ ನಿಲ್ಲುವುದು ಚಿತ್ರ, ಬೆಲ್ಟಲ್ಲ. ಪರದೆಯ ಮೇಲೆ ಬೀಜ ಹರಿಯುತ್ತಲೇ ಇತ್ತು. ಹರಿದ ಒಂದೊಂದು ಹಿಡಿಗೂ ಬಿನ್ನಿನಲ್ಲಿ ಒಬ್ಬ ಮನುಷ್ಯ ಒಂದಿಷ್ಟು ಇಳಿಯುತ್ತಿದ್ದಾನೆ.

ಅವಳು ಓಡಿದಳು. ಕಣದಲ್ಲಿ ಹರವಿದ್ದ, ಹೊಟ್ಟು ಬಿಡಿಸದ ಪಾರ್ಚ್‌ಮೆಂಟ್ ಕಾಫಿಯನ್ನು ತುಳಿದುಕೊಂಡೇ ಓಡಿದಳು. ಕಾಲು ಜಾರಿ ಒಮ್ಮೆ ಮಂಡಿಯೂರಿ ಬಿದ್ದು ಎದ್ದಳು. ಬೀಜ ಆರಿಸುವ ಹೆಂಗಸರ ಮೇಸ್ತ್ರಿ ಸರೋಜಮ್ಮ ಬೈಯಲು ಬಾಯಿ ತೆರೆದವರು, ಅವಳ ಮುಖ ನೋಡಿ ಹಿಂದೆಯೇ ಓಡಿಬಂದರು. ಟೇಪು ಹಿಡಿದು ಅವಳೇ ಅಳೆದಿದ್ದ ದೂರ. ಮುಗಿಯಲೇ ಇಲ್ಲ.

ಯಂತ್ರ ನಿಲ್ಲಿಸುವ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಬೆಲ್ಟು ನರಳಿ ನಿಂತಿತು.

"ಗೇಟ್ ಮುಚ್ಚಿ. ದೇವೇಂದ್ರಣ್ಣ ಒಳಗಿದಾರೆ."

ರುದ್ರೇಶ ಬಿಳಚಿಕೊಂಡು ಗೇಟಿನ ಚಕ್ರ ತಿರುಗಿಸಿದ. ಸದ್ದಡಗಿದಾಗ ಬಿನ್ನಿನೊಳಗಿಂದ ಕೇಳಿದ್ದು ಕೂಗಲ್ಲ, ನಾಯಿ ಏದುಸಿರು ಬಿಡುವಂಥ ಸಣ್ಣ ಸದ್ದು.

ಏಣಿ ಹತ್ತಿ ನೋಡಿದಳು. ದೇವೇಂದ್ರ ಕಂಕುಳವರೆಗೆ ಹೂತುಹೋಗಿದ್ದರು. ಕೈಗಳನ್ನು ನೀರಿನ ಮೇಲೆ ಚಾಚಿದಂತೆ ಬೀಜದ ಮೇಲೆ ಚಾಚಿದ್ದರು. ತುಟಿ ನೀಲಿಗಟ್ಟಿತ್ತು.

"ಉಸಿರು ಬಿಡೋಕಾಗುತ್ತೆ..." ಎಂದರು. "ಎಳ್ಕೊಳ್ಳೋಕಾಗ್ತಿಲ್ಲ."

ಉಸಿರು ಬಿಟ್ಟಾಗ ಎದೆ ತಗ್ಗಿದಷ್ಟು ಜಾಗಕ್ಕೆ ಬೀಜ ಬಂದು ತುಂಬಿಕೊಳ್ಳುತ್ತಿತ್ತು. ಆಮೇಲೆ ಅದು ಬಿಟ್ಟುಕೊಡುತ್ತಿರಲಿಲ್ಲ.

ರುದ್ರೇಶ ಅಂಚಿನಿಂದ ಒಳಗೆ ಕಾಲಿಟ್ಟ. ಸರೋಜಮ್ಮ ಅವನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದರು.

"ಇಳೀಬೇಡ. ನೀನಿಳಿದ್ರೆ ರಾಶಿ ಜಾರಿ ಅವನ ಬಾಯಿಗೇ ಹೋಗುತ್ತೆ. ನಾನು ಸಣ್ಣವಳಿದ್ದಾಗ ಬೇರೆ ಕಡೆ ಹಿಂಗೇ ಒಬ್ಬನ್ನ ಎಳೆಯೋಕೆ ಹೋಗಿ ಇಬ್ಬರು ಹೋದ್ರು."

ಅವರ ಮಾತಿನಂತೆ ನಡೆಯಿತು. ಆರಿಸುವ ಮೇಜಿನ ಹಲಗೆಗಳನ್ನು ಹೆಂಗಸರು ಕಿತ್ತು ತಂದರು. ಪವಿತ್ರಾ ಬಿನ್ನಿನ ಅಡ್ಡಹಲಗೆಯ ಮೇಲೆ ಬೋರಲು ಮಲಗಿ ದೇವೇಂದ್ರರ ಕಂಕುಳಡಿಗೆ ಹಗ್ಗ ತೂರಿಸಿದಳು. ಎಳೆಯುವುದಕ್ಕಲ್ಲ, ಇನ್ನು ಇಳಿಯದಿರಲಿ ಎಂದು. ಬೀಜ ಮತ್ತೆ ಒಳಕ್ಕೆ ಜಾರದಂತೆ ಅವರ ಸುತ್ತ ನಾಲ್ಕು ಹಲಗೆಗಳನ್ನು ಒಂದೊಂದಾಗಿ ಬೀಜದೊಳಗೆ ಒತ್ತಿದರು. ಎರಡನೆಯದನ್ನು ಒತ್ತುವಾಗ ರಾಶಿಯ ಒಂದು ಬದಿ ಸರ್ರನೆ ಜಾರಿತು. ಬೀಜ ಅವರ ಗದ್ದಕ್ಕೆ ಬಂತು. ಅವರು ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದರು. ಯಾರೂ ಅಲುಗಾಡಲಿಲ್ಲ. ಇನ್ನೊಂದು ಹಿಡಿ ಜಾರಿದರೂ ಮುಗಿಯಿತೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಜಾರಲಿಲ್ಲ.

ಹಲಗೆಯ ಚೌಕದೊಳಗಿನ ಬೀಜವನ್ನು ತಗಡಿನ ಡಬ್ಬದಿಂದ ಪವಿತ್ರಾ ತೋಡಿ ತೋಡಿ ಹೊರಹಾಕಿದಳು. ಭುಜ ಸೋತರೂ ಡಬ್ಬ ಬಿಡಲಿಲ್ಲ. "ದೇವೇಂದ್ರಣ್ಣ, ಕೇಳ್ತಿದೆಯಾ" ಎಂದು ಕೇಳುತ್ತಲೇ ಇದ್ದಳು. ಅವರು ರೆಪ್ಪೆ ಆಡಿಸುತ್ತಿದ್ದರು. ಒಮ್ಮೆ ಆಡಿಸಲಿಲ್ಲ. ಅವಳಿಗೆ ಮತ್ತೊಮ್ಮೆ ಕೇಳಲು ಧೈರ್ಯ ಬರಲಿಲ್ಲ, ತೋಡುತ್ತಾ ಹೋದಳು. ಆಮೇಲೆ ಎದೆ ಬಿಡುಗಡೆಯಾಗಿ, ಅವರು ಒಂದು ದೊಡ್ಡ ಉಸಿರೆಳೆದು ಕೆಮ್ಮಿದರು. ಮೇಲೆ ತರುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು.

ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ, ಜೀವಕ್ಕೆ ಭಯವಿಲ್ಲ ಎಂದರು ಆಸ್ಪತ್ರೆಯಲ್ಲಿ. ಹೊರಗಿನ ಬೆಂಚಿನಲ್ಲಿ ರೇಣುಕಪ್ರಸಾದ್ ದನಿ ತಗ್ಗಿಸಿ, "ಸೊಂಟದ ಸೇಫ್ಟಿ ಬೆಲ್ಟ್ ಕಟ್ಕೊಂಡಿರಲಿಲ್ಲ ಅವ್ರು. ರಿಪೋರ್ಟಲ್ಲಿ ಅಷ್ಟು ಬರೆದ್ರೆ ಸಾಕು. ನಿಮ್ಮ ಹೆಸರು ಬರೋದು ಬೇಡ" ಎಂದರು.

"ಶುರು ಮಾಡಿ ಅಂದಿದ್ದು ನಾನು ಸರ್. ಸ್ವಿಚ್ಚಿನ ವೈರು ಆಮೇಲೆ ಅಂದಿದ್ದೂ ನಾನೇ. ಅದನ್ನೂ ಬರೀರಿ."

ಅವರು ಅದನ್ನೂ ಬರೆದರು.

ಒಳಗೆ ದೇವೇಂದ್ರ ಅವಳನ್ನು ನೋಡಿ, "ಕವರ್ ಜಾರ್ತು, ಹಿಡಿಯೋಕೆ ಬಗ್ಗಿದೆ" ಎಂದರಷ್ಟೆ. ಹಲಗೆಯ ಮೇಲೆ ಮತ್ತೆ ಯಾವತ್ತೂ ಕೂರಲಾರೆ ಎಂದು ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದರು.

ನಿಲ್ಲಿಸುವ ಸ್ವಿಚ್ಚಿಗೆ ಬೇರೆ ವೈರು ಎಳೆದು ಆಫೀಸಿನ ಮೇಜಿನ ಮೇಲೂ ಒಂದು ಕೆಂಪು ಗುಂಡಿ ಕೂರಿಸಲು ಪವಿತ್ರಾಳಿಗೆ ಎರಡು ದಿನ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ರುದ್ರೇಶನ ಫೋನು ಬಂತು.

"ಶುರು ಮಾಡ್ಲಾ ಮೇಡಂ?"

"ಇರಿ" ಎಂದು ಎದ್ದು ಹೋಗಿ ಏಣಿ ಹತ್ತಿ ಬಿನ್ನಿನೊಳಗೆ ನೋಡಿ ಬಂದಳು. ಕುರ್ಚಿಯಲ್ಲಿ ಕೂತೊಡನೆ, ತಾನು ಬರುವಷ್ಟರಲ್ಲಿ ಯಾರಾದರೂ ಹತ್ತಿರಬಹುದು ಅನ್ನಿಸಿತು. ಮತ್ತೆ ಹೋದಳು. ಮೂರನೆಯ ಸಲ ಹೋದಾಗ ಸರೋಜಮ್ಮ ಸೆರಗು ಸಿಕ್ಕಿಸಿಕೊಂಡು ಏಣಿಯ ಮೇಲೆ ನಿಂತಿದ್ದರು.

"ನೀನು ಹೋಗಿ ಕೂತ್ಕೋ. ನಾನಿಲ್ಲೇ ನಿಂತಿರ್ತೀನಿ. ಯಾರೂ ಇಲ್ಲ ಅಂತ ನಾನು ಹೇಳಿದ ಮೇಲೇ ಮಾಡು."

ಫೋನಿನಲ್ಲಿ ಅವರ ದನಿ ಕೇಳಿದ ಮೇಲೆ ಪವಿತ್ರಾ "ಹೂಂ" ಎಂದಳು. ಬೀಜ ಹರಿಯತೊಡಗಿತು. ಚಿತ್ರ ಸ್ವಚ್ಛವಾಗಿ ಬರುತ್ತಿತ್ತು. ಅವಳು ಪರದೆಯಿಂದ ಕಣ್ಣು ತೆಗೆಯದೆ, ಬೆರಳನ್ನು ಕೆಂಪು ಗುಂಡಿಯ ಮೇಲಿಟ್ಟು ಕೂತಳು. ಊಟಕ್ಕೆ ಯಂತ್ರ ನಿಂತಾಗ ಆ ಕೈ ಮರಗಟ್ಟಿತ್ತು.