ಗಟ್ಟಿ ಗೋಡೆ

ನಮ್ಮ ಮಾವ ಬಡಗಿ. ನಮ್ಮ ಯಜಮಾನರು ಆಫೀಸು, ಅಂಗಡಿಗಳಲ್ಲಿ ಜಿಪ್ಸಮ್ ಬೋರ್ಡಿನ ಗೋಡೆ ನಿಲ್ಲಿಸುವವರು. ಇಂಥ ಇಬ್ಬರು ಒಂದೇ ಸೂರಿನಡಿ ಇದ್ದರೆ ಊಟದ ಹೊತ್ತಿಗೆ ಬೇರೆ ಮಾತೇ ಇರುವುದಿಲ್ಲ. ಮಾವನಿಗೆ ಅವರದ್ದೇ ಒಂದು ಕೋಣೆ ಇರಲಿ ಎಂದು ಇವರು ನಡುಮನೆಯನ್ನು ಎರಡು ಮಾಡಿ ಮಧ್ಯೆ ಬೋರ್ಡು ನಿಲ್ಲಿಸಿದಾಗ, ಮಾವ ಅದನ್ನು ಬೆರಳಿನಿಂದ ಕುಟ್ಟಿ, ಟೊಳ್ಳು ಸದ್ದು ಕೇಳಿ ನಕ್ಕಿದ್ದರು.

"ಇದೇನು ಗೋಡೆನೋ, ರಟ್ಟಿನ ಡಬ್ಬಾನೋ? ನಾನು ಮಾಡಿದ ಶೆಲ್ಫು ಇದಕ್ಕೆ ಹಾಕಿದ್ರೆ ಗೋಡೆನೇ ಕೆಳಗೆ ಬರುತ್ತೆ."

"ಹಾಕಿ ತೋರಿಸ್ತೀನಿ ಇರಿ ಅಪ್ಪ" ಎಂದು ಇವರು ಮುಖ ಊದಿಸಿಕೊಂಡಿದ್ದರು.

ಹಾಕಿ ತೋರಿಸುವ ಮೊದಲೇ ಮಾವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ಏನಾದರೂ ಹೇಳಲು ಉಳಿದದ್ದು ಎಡಗೈ ಒಂದೇ. ಮಂಚ ಆ ಗೋಡೆಗೆ ತಾಗಿಕೊಂಡಿತ್ತು, ಹಾಗಾಗಿ ಅವರು ಹಂಗಿಸಿದ್ದ ಗೋಡೆಯೇ ಅವರಿಗೆ ಬಾಯಾಯಿತು. ಒಂದು ಸಲ ತಟ್ಟಿದರೆ ನೀರು ಬೇಕು, ಎರಡು ಸಲ ತಟ್ಟಿದರೆ ಯಾರಾದರೂ ಬನ್ನಿ, ಪಟಪಟನೆ ತಟ್ಟಿದರೆ ನಾನೂ ಇವರೂ ಜಗಳ ನಿಲ್ಲಿಸಬೇಕು. ಟೊಳ್ಳು ಗೋಡೆಯಲ್ಲವೇ, ಕುಕ್ಕರ್ ಕೂಗುತ್ತಿದ್ದರೂ ಅಡುಗೆಮನೆಗೆ ಕೇಳಿಸುತ್ತಿತ್ತು. "ಬಂದೆ ಮಾವ, ಗೋಡೆ ತೂತು ಮಾಡ್ಬೇಡಿ" ಎಂದು ಸಿಡುಕುತ್ತಲೇ ಹೋಗುತ್ತಿದ್ದೆ. ಅವರು ಅರ್ಧ ಬಾಯಲ್ಲಿ ನಗುತ್ತಿದ್ದರು.

ಹೋದ ತಿಂಗಳು ಇವರಿಗೆ ಮತ್ತೆ ಆ ಶೆಲ್ಫಿನ ಹುಚ್ಚು ಹಿಡಿಯಿತು. ತೇಗದ್ದು, ಇಬ್ಬರು ಎತ್ತಿದರೂ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಬಾಲ್ಕನಿಯಲ್ಲಿ ಬಿಸಿಲು ಕಾಯುತ್ತಾ ಬಿದ್ದಿತ್ತು.

"ಅಪ್ಪ ಮಾಡಿದ್ದು. ಅವರ ಕಣ್ಣೆದುರೇ ಗೋಡೆಗೆ ಏರಬೇಕು" ಅಂದರು.

ಕೆಲಸದ ವಿಷಯಕ್ಕೆ ಬಂದರೆ ಇವರತ್ತ ಬೆರಳು ತೋರಿಸುವಂತಿಲ್ಲ. ಬರೀ ಬೋರ್ಡಿಗೆ ಸ್ಕ್ರೂ ಹಾಕಿದರೆ ಆ ಭಾರಕ್ಕೆ ಕಿತ್ತುಕೊಂಡು ಬರುತ್ತದೆ. ಅದಕ್ಕೇ ಗೋಡೆಯ ಮೇಲೆ ಅಯಸ್ಕಾಂತ ಓಡಿಸಿ, ಒಳಗಿನ ತಗಡಿನ ಕಂಬಗಳು ಎಲ್ಲಿವೆ ಎಂದು ಪೆನ್ಸಿಲಿನಲ್ಲಿ ಗೀಟು ಎಳೆದರು. ನಡುಮನೆಯ ಕಡೆಯಿಂದ ಬೋರ್ಡು ಕೊಯ್ದು ತೆಗೆದು, ಕಂಬದಿಂದ ಕಂಬಕ್ಕೆ ದಪ್ಪ ಪ್ಲೈವುಡ್ ಕೂರಿಸಿ ಬಿಗಿದರು. ಗೋಡೆ ಹಾಗೆ ತೆರೆದುಕೊಂಡಿದ್ದಾಗ ಬಾಯಿ ಹಾಕಿದವಳು ನಾನು.

"ನಮ್ಮ ಟಿವಿ ಗಲಾಟೆಗೆ ಮಾವನಿಗೆ ನಿದ್ದೆನೇ ಇಲ್ಲ ರೀ. ಒಳಗೆ ಏನಾದ್ರೂ ತುಂಬೋಕಾಗಲ್ವಾ?"

"ಆಗದೆ ಏನು? ಸದ್ದು ತಡೆಯೋ ಗಾಜಿನ ಉಣ್ಣೆ ಉಳಿದಿದೆ. ಪಿಸುಮಾತೂ ದಾಟಲ್ಲ ನೋಡು."

ಕಂಬಗಳ ನಡುವೆ ಸಂದಿಲ್ಲದಂತೆ ತುರುಕಿದರು. ಬೋರ್ಡು ಮುಚ್ಚಿ, ಶೆಲ್ಫು ಏರಿಸಿ, ಮಾವನ ಉಳಿ, ಗರಗಸ, ಸುತ್ತಿಗೆಗಳನ್ನೆಲ್ಲ ಜೋಡಿಸಿದರು. ಸಾಲದ್ದಕ್ಕೆ ತಾವೂ ಜೋತುಬಿದ್ದರು. ಒಂದಿಷ್ಟೂ ಅಲುಗಲಿಲ್ಲ.

"ಬೇಕಾದ್ರೆ ನಿನ್ನನ್ನೂ ಮೇಲೆ ಕೂರಿಸ್ತೀನಿ."

"ನಿಮ್ಮ ತಲೆ ಮೇಲೆ ಕೂತಿರೋದೇ ಸಾಕು" ಅಂದೆ.

ಮಾವನನ್ನು ಗಾಲಿಕುರ್ಚಿಯಲ್ಲಿ ಕರೆತಂದು ತೋರಿಸಿದೆವು. ಅವರು ಎಡಗೈಯಿಂದ ಮರವನ್ನು ಸವರಿ ಮಗನ ಕಡೆ ನೋಡಿದರು. ಇಬ್ಬರ ಕಣ್ಣೂ ತುಂಬಿತ್ತು.

ಆಮೇಲೆ ಮಾವ ತಟ್ಟುವುದು ನಿಂತಿತು. "ನೋಡಿದ್ಯಾ, ಅಪ್ಪ ಹೇಗೆ ಹಾಯಾಗಿದ್ದಾರೆ" ಎಂದು ಇವರು ಬೀಗಿದರು. ನನಗೂ ಕೆಲಸ ಹಗುರವಾಯಿತು, ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಹೊತ್ತುಹೊತ್ತಿಗೆ ಊಟ, ಮಾತ್ರೆ ಕೊಡುತ್ತಿದ್ದೆವು. ಮಾವ ಮುಖ ತಿರುಗಿಸಿಕೊಂಡೇ ನುಂಗುತ್ತಿದ್ದರು. ಒಂದು ಮಧ್ಯಾಹ್ನ ಹಾಸಿಗೆ ಒದ್ದೆಯಾಗಿತ್ತು.

"ಎರಡು ಸಲ ತಟ್ಟಿದ್ರೆ ಆಗ್ತಿರ್ಲಿಲ್ವಾ ಮಾವ?" ಎಂದು ಗದರಿದೆ.

ಅವರು ನನ್ನನ್ನೇ ನೋಡಿದರು. ನಾನು ಹೊದಿಕೆ ಎಳೆದುಕೊಂಡು ಒಗೆಯಲು ಹೋದೆ.

ಮರುದಿನ ಉಗುರು ಕತ್ತರಿಸಲೆಂದು ಅವರ ಎಡಗೈ ಹಿಡಿದೆ. ಬೆರಳ ಗೆಣ್ಣುಗಳ ಚರ್ಮ ಸುಲಿದಿತ್ತು. ಮಂಚದ ಪಕ್ಕದ ಗೋಡೆಯಲ್ಲಿ ಅಂಗೈಯಗಲ ಬಣ್ಣ ಮಾಸಿ, ನಡುವೆ ಕಂದು ಕಲೆಯಿತ್ತು. ಅದೇ ಜಾಗದಲ್ಲಿ ನಾನೇ ತಟ್ಟಿದೆ. ದಿಂಬಿಗೆ ಗುದ್ದಿದ ಹಾಗಿತ್ತು. ನಡುಮನೆಗೆ ಓಡಿದೆ. ಇವರು ಶೆಲ್ಫಿನ ಕೆಳಗೇ ಕೂತು ಪೇಪರ್ ಓದುತ್ತಿದ್ದರು.

"ರೀ, ಈಗ ಕೇಳಿಸ್ತಾ?"

"ಏನು ಕೇಳಿಸ್ಬೇಕಿತ್ತು?"

ನಾನು ಹೇಳಿದೆ. ಇವರ ಕೈಯಿಂದ ಪೇಪರ್ ಜಾರಿತು. ಆಗಲೇ ಶೆಲ್ಫು ಇಳಿಸಿ, ಬೋರ್ಡು ಕೊಯ್ದು, ಪ್ಲೈವುಡ್ ಬಿಚ್ಚಿ, ಉಣ್ಣೆಯನ್ನು ಬರಿಗೈಯಲ್ಲೇ ಕಿತ್ತು ಕಿತ್ತು ಎಸೆದರು. ಮೈಗೆಲ್ಲ ತುರಿಕೆ ಹತ್ತಿದರೂ ನಿಲ್ಲಿಸಲಿಲ್ಲ. "ಗೋಡೆ ಗಟ್ಟಿ ಮಾಡೋಕೆ ಹೋಗಿ ಅಪ್ಪನ ಬಾಯಿ ಮುಚ್ಚಿಬಿಟ್ಟೆ ಕಣೇ" ಎಂದು ಅತ್ತರು. ಆಮೇಲೆ ಮಂಚದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹೇಳಿದರು.

"ನಮಗೆ ಕೇಳಿಸ್ಲಿಲ್ಲ ಅಪ್ಪ. ಕೇಳಿಯೂ ಬರದೆ ಇದ್ದಿದ್ದಲ್ಲ."

ಮಾವ ತಲೆಯಾಡಿಸಿದರು. ನಂಬಿದರೋ, ಮಗನ ಸಮಾಧಾನಕ್ಕೆ ಆಡಿಸಿದರೋ ಗೊತ್ತಾಗಲಿಲ್ಲ.

ಶೆಲ್ಫು ಮತ್ತೆ ಬಾಲ್ಕನಿ ಸೇರಿದೆ. ಗೋಡೆ ಮೊದಲಿನಂತೆಯೇ ಟೊಳ್ಳಾಗಿದೆ. ಇವರು ಕೆಲಸದಿಂದ ಬಂದವರೇ ಚಪ್ಪಲಿ ಬಿಟ್ಟು, ನಡುಮನೆಯ ಕಡೆಯಿಂದ ಎರಡು ಸಲ ತಟ್ಟಿ, ಅಪ್ಪ ತಿರುಗಿ ತಟ್ಟುತ್ತಾರೇನೋ ಎಂದು ಕಿವಿಗೊಟ್ಟು ನಿಲ್ಲುತ್ತಾರೆ. ಒಳಗೆ ಮಾವನ ಬಟ್ಟೆ ಬದಲಾಯಿಸುತ್ತಿರುವ ನನಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ, ಮಾವನಿಗೂ ಕೇಳಿಸುತ್ತದೆ. ಅವರು ಗೋಡೆಯನ್ನೊಮ್ಮೆ ನೋಡಿ, ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಾರೆ.